ಬೆಟ್ಟದ ಮೇಲಿನ ಹಾಸಿಗೆ

ನಿದ್ದೆ ಬಂದವನಿಗೆ ಹಾಸಿಗೆ ಬೇಡ ಎಂಬುದು ನಮ್ಮಲ್ಲಿ ಹಳೆಯ ಮಾತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹೇಳುವುದೂ ಉಂಟು. ಆದರೂ ಈ ಮಾತನ್ನು ಕಟ್ಟಿದ ಹಿರಿಯರು ಮಾಗಿಯ ನಟ್ಟಿರುಳಿನಲ್ಲಿ, ಬೆಟ್ಟದ ನೆತ್ತಿಯಲ್ಲಿ, ಬರಿನೆಲದ ಮೇಲೆ ಮಲಗಿದ್ದರೋ ಇಲ್ಲವೋ ಎಂಬ ಸಂಶಯ ನನಗಿದೆ.

ರಜೆ ಬಂತೆಂದರೆ ನಮ್ಮ ಮಕ್ಕಳು ಚಾರಣಕ್ಕೆ ಹೊರಡುತ್ತಾರೆ. ಬೂಟು, ಬುತ್ತಿ, ಸ್ವೆಟರು, ಟಾರ್ಚು ಎಲ್ಲವನ್ನೂ ತಾಯಿತಂದೆಗಳು ಎರಡೆರಡು ಸಲ ನೋಡುತ್ತಾರೆ. ಮಲಗುವ ಹಾಸು ಮಾತ್ರ ಕೊನೆಯ ಗಳಿಗೆಯ ಸಾಮಾನು. ವಿದ್ಯಾರ್ಥಿಗಳೊಡನೆ ಬೆಟ್ಟ ಹತ್ತಿದವನಾಗಿ ನಾನು ಕಂಡದ್ದು ಇಷ್ಟು: ಮರುದಿನ ಬೆಳಿಗ್ಗೆ ಹಿಂದೆ ಬೀಳುವವನು ಬಲಹೀನನಲ್ಲ, ರಾತ್ರಿ ಕಣ್ಣು ಮುಚ್ಚದವನು. ನಿದ್ದೆಗೆಟ್ಟ ಕಾಲು ಇಳಿಜಾರಿನಲ್ಲಿ ಜಾರುತ್ತದೆ. ಆದುದರಿಂದ ಹಾಸಿನ ವಿಚಾರ ಬರಿಯ ಸುಖದ ವಿಚಾರವಲ್ಲ.

ಹಾಸು ಮಾಡಬೇಕಾದ ಕೆಲಸ ಎರಡು. ಕಲ್ಲು ಬೇರುಗಳು ಮೈಗೆ ಒತ್ತದಂತೆ ನೋಡಿಕೊಳ್ಳುವುದು ಒಂದು; ಮೈಯ ಕಾವು ನೆಲಕ್ಕೆ ಇಳಿದುಹೋಗದಂತೆ ತಡೆಯುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಚಳಿಯೇ ಕಲಿಸಬೇಕು. ಹೊದ್ದ ಕಂಬಳಿ ಬೆಚ್ಚಗಿರುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಅದನ್ನೇ ಕೆಳಗೆ ಹಾಸಿ ಮಲಗಿದರೆ ನಮ್ಮ ಭಾರಕ್ಕೆ ಅದು ಅಮುಕಿಕೊಂಡು ಒಳಗಿನ ಗಾಳಿ ಹೊರಟುಹೋಗುತ್ತದೆ. ಮಲಗುವ ಚೀಲದ ಅಡಿಭಾಗಕ್ಕೂ ಇದೇ ಗತಿ. ಮೇಲೆ ಎಷ್ಟು ಹೊದ್ದರೂ ಬೆನ್ನಿನ ಚಳಿ ಬಿಡದಿರುವುದು ಇದರಿಂದಲೇ.

ಈಗ ಅಂಗಡಿಯಲ್ಲಿ ದೊರೆಯುವ ಹಾಸುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಫೋಮಿನದು. ಇದರ ಒಳಗಿನ ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ನೀರು ಕುಡಿಯದು; ಮುಳ್ಳು ಚುಚ್ಚಿದರೂ ಕೆಡದು. ತೂಕ ಸುಮಾರು 400 ಗ್ರಾಂ, ದಪ್ಪ ಒಂದೆರಡು ಸೆಂಟಿಮೀಟರು. ಅಂಗಾತ ಮಲಗುವ ಹುಡುಗರಿಗೆ ಇದು ಸಾಕು. ಮಗ್ಗುಲಾಗಿ ಮಲಗುವವರಿಗಾದರೋ ಭಾರವೆಲ್ಲ ಭುಜದ ಮೇಲೂ ಸೊಂಟದ ಮೇಲೂ ಬಿದ್ದು, ನೆಲದ ಗಡಸು ತಿಳಿಯುತ್ತದೆ.

ಎರಡನೆಯದು ತಾನೇ ಉಬ್ಬುವ ಹಾಸು. ಇದರ ಹುಟ್ಟಿಗೆ ಒಬ್ಬ ಪರ್ವತಾರೋಹಿಯ ನಿದ್ದೆಗೇಡೇ ಕಾರಣ. ಅಮೆರಿಕದ ಸಿಯಾಟಲ್ ನಗರದಲ್ಲಿ 1971ರಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯ ಕೆಲಸ ಹೋದ ಎಂಜಿನಿಯರುಗಳು ಜಿಮ್ ಲೀ ಮತ್ತು ನೀಲ್ ಆಂಡರ್ಸನ್. ತೆಳುವಾದ ಫೋಮಿನ ಮೇಲೆ ನಿದ್ದೆ ಬಾರದೆಂದು ಗೆಳೆಯ ಜಾನ್ ಬರೋಸ್ ದೂರುತ್ತಿದ್ದರು. ಮೂವರೂ ಸೇರಿ ಮೆತ್ತನೆಯ ಫೋಮನ್ನು ಗಾಳಿಯಾಡದ ಬಟ್ಟೆಗೆ ಅಂಟಿಸಿ, ಒಂದು ಮೂಲೆಯಲ್ಲಿ ಬಿರಡೆ ಇಟ್ಟರು. ಬಿರಡೆ ತೆಗೆದರೆ ಫೋಮು ಅರಳಿ ತಾನೇ ಗಾಳಿ ಎಳೆದುಕೊಳ್ಳುತ್ತದೆ. ಮೈಗೂ ಹಿತ, ಬೆನ್ನಿಗೂ ಬೆಚ್ಚಗೆ. ಹೊರುವಾಗ ಮಾತ್ರ ಭಾರ.

ಮೂರನೆಯದು ಗಾಳಿ ತುಂಬುವ ಹಾಸು. ಬಿಚ್ಚಿದರೆ 7, 8 ಸೆಂಟಿಮೀಟರು ದಪ್ಪ, ಮಡಿಸಿದರೆ ನೀರಿನ ಬಾಟಲಿಯಷ್ಟು. ಮಗ್ಗುಲಾಗಿ ಮಲಗುವವರಿಗೆ ಇದರಷ್ಟು ಮೆತ್ತನೆಯದು ಬೇರೆ ಇಲ್ಲ. ಆದರೆ ಒಂದು ಮುಳ್ಳು ಸಾಕು, ನಡುರಾತ್ರಿಗೆ ನೆಲವೇ ಗತಿ. ಇನ್ನೂ ಒಂದು ಸೋಜಿಗವಿದೆ. ಒಳಗೆ ಬರಿಯ ಗಾಳಿಯಿದ್ದರೆ ಆ ಗಾಳಿ ಸುಳಿದಾಡಿ ಮೈಯ ಕಾವನ್ನು ನೆಲಕ್ಕೆ ಒಯ್ಯುತ್ತದೆ. ಎರಡು ಸೆಂಟಿಮೀಟರಿನ ಫೋಮಿಗಿಂತ ಎಂಟು ಸೆಂಟಿಮೀಟರಿನ ಇಂಥ ಹಾಸು ತಣ್ಣಗಿರಬಹುದು! ಇದನ್ನು ತಡೆಯಲು ಕೆಲವದರ ಒಳಗೆ ನೂಲಿನ ಪದರವನ್ನೋ ಹೊಳೆಯುವ ಹಾಳೆಯನ್ನೋ ಇಟ್ಟಿರುತ್ತಾರೆ. ಹಾಳೆಯುಳ್ಳದ್ದು ಹೊರಳಿದಾಗಲೆಲ್ಲ ಸರಪರವೆಂದು ಪಕ್ಕದವರನ್ನು ಎಬ್ಬಿಸುವುದೂ ಉಂಟು.

ದಪ್ಪ ಬೇರೆ, ಬೆಚ್ಚಗಿರುವುದು ಬೇರೆ ಎಂದಾಯಿತು. ಹಾಗಾದರೆ ಕೊಳ್ಳುವವರು ತಿಳಿಯುವುದು ಹೇಗೆ? ಹಾಸಿನ ಮೇಲೆ ಆರ್ ಎಂಬ ಅಕ್ಷರದೊಡನೆ ಒಂದು ಅಂಕ ಬರೆದಿರುತ್ತದೆ. ಅಂಕ ಹೆಚ್ಚಿದಷ್ಟೂ ಕಾವು ಉಳಿಯುತ್ತದೆ. ಮೊದಲು ತಯಾರಕರು ತಂತಮ್ಮ ರೀತಿಯಲ್ಲಿ ಅಳೆಯುತ್ತಿದ್ದರು, 2018ರಲ್ಲಿ ಎ.ಎಸ್.ಟಿ.ಎಂ. ಸಂಸ್ಥೆ ಎಲ್ಲರಿಗೂ ಒಂದೇ ಅಳತೆಯ ಕ್ರಮವನ್ನು ಗೊತ್ತುಮಾಡಿತು. ನಮ್ಮ ಮಲೆನಾಡಿನ ಬೆಟ್ಟಗಳಿಗೆ 2ರ ಆಸುಪಾಸು ಸಾಮಾನ್ಯವಾಗಿ ಸಾಕು. ಹಿಮಾಲಯದ ಹಿಮದ ಮೇಲಾದರೆ 5 ಅಥವಾ ಅದಕ್ಕೂ ಹೆಚ್ಚು ಬೇಕು. 2ರ ಫೋಮಿನ ಮೇಲೆ 3ರ ಇನ್ನೊಂದನ್ನು ಹಾಸಿದರೆ 5 ಆಗುತ್ತದೆ; ಕೂಡುವ ಲೆಕ್ಕ ಅಷ್ಟು ಸುಲಭ.

ಬೆಲೆಯ ಮಾತೂ ಇದೆಯಷ್ಟೆ. ವರ್ಷಕ್ಕೊಮ್ಮೆ ನಮ್ಮ ಬೆಟ್ಟ ಹತ್ತುವ ಹುಡುಗನಿಗೆ ಫೋಮಿನ ಹಾಸು ಕೊಡಿಸಿದರೆ ತಪ್ಪೇನಿಲ್ಲ. ಸೊಂಟನೋವಿರುವ ಹಿರಿಯರು ಗಾಳಿಯದನ್ನು ಒಯ್ಯಲಿ. ಅದರ ಅಡಿಗೆ ತೆಳುವಾದೊಂದು ಫೋಮಿದ್ದರೆ ಮುಳ್ಳಿನ ಭಯ ಕಡಿಮೆ. ಗಾಳಿಯನ್ನು ಬಿಗಿಯಾಗಿ ತುಂಬಿ, ಮಲಗಿದ ಮೇಲೆ ಸೊಂಟ ನೆಲ ಮುಟ್ಟದಷ್ಟು ಉಳಿಸಿಕೊಂಡು ತುಸು ಬಿಡಬೇಕು. ತುಂಬಿದ ಹಾಗೆಯೇ ಮಲಗಿದರೆ ತೆಪ್ಪದ ಮೇಲೆ ಮಲಗಿದಂತಾಗುತ್ತದೆ.

ಯಾವುದನ್ನೇ ಕೊಳ್ಳಿ, ಹೊರಡುವ ಮೊದಲು ಮನೆಯ ಕಲ್ಲುನೆಲದ ಮೇಲೆ ಅದನ್ನು ಹಾಸಿ, ನೀವು ದಿನವೂ ಮಲಗುವ ಮಗ್ಗುಲಲ್ಲೇ ಒಂದು ಇಡೀ ರಾತ್ರಿ ಮಲಗಿ ನೋಡಿ. ಮನೆಯಲ್ಲಿ ನಿದ್ದೆ ಕೊಡದ ಹಾಸು ಬೆಟ್ಟದಲ್ಲಿ ಕೊಡುವುದಿಲ್ಲ.