ಗುಳಿಗೆ ಸೇವಿಸುವವಳಿಗೆ ತಿಳಿಯುವ ಹಕ್ಕಿದೆ



ಮುಟ್ಟು ಸ್ವತಃ ರೋಗವಲ್ಲ. ಆದರೆ ಅಮೇರಿಕದಲ್ಲಿ ಪ್ರಥಮ ಗರ್ಭನಿರೋಧಕ ಗುಳಿಗೆಯಾದ 'ಎನೋವಿಡ್' 1957ರಲ್ಲಿ ಅನುಮತಿ ಪಡೆದದ್ದು ಮುಟ್ಟಿನ ತೊಂದರೆಗಳ ಔಷಧವಾಗಿ. ಗರ್ಭನಿರೋಧಕವಾಗಿ ಅನುಮತಿ ದೊರೆತದ್ದು 1960ರಲ್ಲಿ. ಅದಕ್ಕೂ ಮುನ್ನ, 1956ರಲ್ಲಿ ಪೋರ್ಟೊರಿಕೊದ ಬಡ ಮಹಿಳೆಯರ ಮೇಲೆ ಅದರ ಪ್ರಯೋಗ ನಡೆಯಿತು. ತಲೆಸುತ್ತು, ವಾಕರಿಕೆ ಎಂದು ಅವರು ದೂರಿದಾಗ ಪ್ರಮುಖ ಸಂಶೋಧಕರು ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕಿದರು. 1970ರ ಸೆನೆಟ್ ವಿಚಾರಣೆಯಲ್ಲಿ ಮಹಿಳೆಯರು ಎದ್ದು ನಿಂತು ಪ್ರಶ್ನಿಸಿದರು. ಆ ವರ್ಷವೇ ಅಪಾಯಗಳನ್ನು ತಿಳಿಸುವ ಚೀಟಿಯನ್ನು ಗುಳಿಗೆಯ ಪೊಟ್ಟಣದೊಂದಿಗೆ ನೀಡಬೇಕೆಂಬ ಆದೇಶ ಬಂತು.

21 ದಿನ ಗುಳಿಗೆ ಸೇವಿಸಿ 7 ದಿನ ನಿಲ್ಲಿಸಿದಾಗ ಕಾಣುವ ಸ್ರಾವವು ಸಹಜ ಮುಟ್ಟಲ್ಲ. ಹಾರ್ಮೋನು ನಿಂತದ್ದರ ಪರಿಣಾಮ. ಆದ್ದರಿಂದ 'ಮುಟ್ಟು ಸರಿಹೋಯಿತು' ಎಂದಾಕ್ಷಣ ಥೈರಾಯ್ಡ್‌ನಂತಹ ಮೂಲ ಕಾರಣ ವಾಸಿಯಾಯಿತೆಂದು ಭಾವಿಸಲಾಗದು.

ಅತಿಸ್ರಾವ, ಅಸಹನೀಯ ನೋವಿನಿಂದ ಬಳಲುವವರಿಗೆ ಈ ಹಾರ್ಮೋನುಗಳು ನಿಜಕ್ಕೂ ಉಪಕಾರಿ. ಆದರೆ ಅಧಿಕ ರಕ್ತದೊತ್ತಡವಿರುವವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಈಸ್ಟ್ರೋಜೆನ್ ಇರುವ ಗುಳಿಗೆ ಅಪಾಯಕಾರಿ. ಮದುವೆ, ಪ್ರವಾಸದ ನೆಪದಲ್ಲಿ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್‌ನಿಂದ ತಂದು ಮಗಳ ಕೈಗಿಡುವ ಹೆತ್ತವರು ಇದನ್ನು ಗಮನಿಸಬೇಕು. ಮೊದಲು ವೈದ್ಯರನ್ನು ಕೇಳಿರಿ: ಕಾಯಿಲೆ ಏನು? ಈ ಮಾತ್ರೆ ಏಕೆ? ಎಷ್ಟು ದಿನ? ಆಕೆಯನ್ನು ಎದುರಿಗೆ ಕುಳ್ಳಿರಿಸಿಯೇ ಕೇಳಿರಿ. ದೇಹ ಆಕೆಯದು, ಉತ್ತರವೂ ಆಕೆಗೇ ಸಲ್ಲಬೇಕು.