ಗಾಳಿಗೆ ದಾರಿ ಬಿಟ್ಟರೆ ಫ್ಯಾನ್ ಅರಚುವುದಿಲ್ಲ

ಮಕ್ಕಳೇ, ಏಪ್ರಿಲ್ ತಿಂಗಳ ಕೊಳ್ಳೇಗಾಲದ ಬಿಸಿಲು ನಿಮಗೆ ಗೊತ್ತೇ ಇದೆ. ರಜೆಯ ಮಧ್ಯಾಹ್ನ ಅಣ್ಣನೋ ಅಕ್ಕನೋ ಕಂಪ್ಯೂಟರಿನಲ್ಲಿ ಕಾರ್ ರೇಸ್ ಶುರು ಮಾಡಿದರೆ ಸಾಕು, ಸ್ವಲ್ಪ ಹೊತ್ತಿಗೆಲ್ಲ ಮೇಜಿನ ಕೆಳಗಿನ ಪೆಟ್ಟಿಗೆ ‘ಗುಂಯ್’ ಎನ್ನತೊಡಗುತ್ತದೆ. ಬೆಳಿಗ್ಗೆ ಪಾಠದ ವಿಡಿಯೊ ನೋಡುವಾಗ ತೆಪ್ಪಗಿದ್ದ ಪೆಟ್ಟಿಗೆಗೆ ಈಗೇನಾಯಿತು?

ಅದಕ್ಕೂ ಸೆಕೆ! ಆಟದ ಚಿತ್ರವನ್ನು ಸೆಕೆಂಡಿಗೆ 60 ಸಲ, ಕೆಲವೊಮ್ಮೆ 100ಕ್ಕೂ ಹೆಚ್ಚು ಸಲ ಹೊಸದಾಗಿ ಬರೆಯಬೇಕು. ಆ ಕೆಲಸಕ್ಕೆ ಚಿಪ್‌ಗಳು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಬರುತ್ತದೆ. ಕೋಣೆ 24 ಡಿಗ್ರಿ ಇದ್ದಾಗ 70 ಡಿಗ್ರಿ ಕಾಯುವ ಚಿಪ್, ಕೋಣೆ 36 ಡಿಗ್ರಿಗೆ ಏರಿದರೆ ಅದೇ ಆಟಕ್ಕೆ, ಫ್ಯಾನಿನ ಅದೇ ವೇಗದಲ್ಲಿ 82ರ ಹತ್ತಿರ ಹೋಗುತ್ತದೆ. ಚಿಪ್‌ನೊಳಗಿನ ಸೆನ್ಸರ್ ಈ ಬಿಸಿಯನ್ನು ಅಳೆಯುತ್ತಲೇ ಇರುತ್ತದೆ. ಬಿಸಿ ಏರಿದಂತೆ ಕಂಪ್ಯೂಟರ್ ಫ್ಯಾನಿನ ವೇಗ ಹೆಚ್ಚಿಸುತ್ತದೆ.

ಸರಿ, ವೇಗ ಹೆಚ್ಚಿದರೆ ಸದ್ದೇಕೆ? ಭರಚುಕ್ಕಿಯ ಬಳಿ ಕಾವೇರಿ ಬಂಡೆಗಳನ್ನು ಬಳಸಿ ಹರಿಯುವಾಗ ಅವುಗಳ ಹಿಂದೆ ಸುಳಿ ಏಳುವುದನ್ನು ನೋಡಿದ್ದೀರಲ್ಲ? ಫ್ಯಾನಿನ ರೆಕ್ಕೆ ಗಾಳಿಯನ್ನು ಸೀಳಿದಾಗಲೂ ಅದರ ಅಂಚಿನ ಹಿಂದೆ ಅಂಥ ಪುಟ್ಟ ಪುಟ್ಟ ಸುಳಿಗಳೇಳುತ್ತವೆ. ಅವು ಗಾಳಿಯನ್ನು ನಡುಗಿಸುತ್ತವೆ. ಆ ನಡುಕ ನಮ್ಮ ಕಿವಿಗೆ ಸದ್ದಾಗಿ ಕೇಳುತ್ತದೆ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಸದ್ದು ಅರ್ಧವಾದಂತೆ ನಮಗೆ ಕೇಳುತ್ತದೆ!

ಸದ್ದಡಗಿಸುವ ವಿದ್ಯೆ ಚೆನ್ನಾಗಿ ಬಲ್ಲದ್ದು ಗೂಬೆ. ಅದರ ರೆಕ್ಕೆಯ ಮುಂದಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಎಳೆಗಳಿವೆ, ಹಿಂದಂಚಿನಲ್ಲಿ ಮೆತ್ತನೆಯ ಕುಚ್ಚಿದೆ. ದೊಡ್ಡ ಸುಳಿ ಏಳದಂತೆ ಅವು ಗಾಳಿಯನ್ನು ಬಿಡಿಸಿ ಕಳುಹಿಸುತ್ತವೆ. ಹಾಗಾಗಿ ಯಳಂದೂರಿನ ಆಚೆ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ರಾತ್ರಿ ಗೂಬೆ ಎರಗಿದರೆ ಇಲಿಗೆ ಸುಳಿವೇ ಸಿಗುವುದಿಲ್ಲ. ಮೀನು ಹಿಡಿಯುವ ಗೂಬೆಯ ಗರಿಗಳಲ್ಲಿ ಮಾತ್ರ ಈ ಮೆತ್ತನೆಯ ಅಂಚಿಲ್ಲ, ಅದು ಹಾರಿದರೆ ಸದ್ದು ಕೇಳುತ್ತದೆ. ನೀರೊಳಗಿನ ಮೀನಿಗೆ ಆ ಸದ್ದು ಕೇಳಿಸದು, ಅಡಗಿಸುವ ಅಗತ್ಯವೂ ಇಲ್ಲ. ಗೂಬೆಯನ್ನು ನೋಡಿ ಕಲಿತ ಎಂಜಿನಿಯರುಗಳು ಕೆಲವು ಫ್ಯಾನುಗಳ ರೆಕ್ಕೆಗೂ ಹಲ್ಲಂಚು ಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲೇನು ಮಾಡಬಹುದು? ಮೊದಲು ಪೆಟ್ಟಿಗೆಯನ್ನು ಗೋಡೆಯ ಮೂಲೆಯಿಂದ, ಬೀರುವಿನ ಒಳಗಿಂದ ಈಚೆಗೆ ತನ್ನಿ. ಹಿಂದೆ ಒಂದು ಗೇಣು ಜಾಗವಿರಲಿ. ಆಟದ ಸೆಟ್ಟಿಂಗ್‌ನಲ್ಲಿ ಚಿತ್ರಗಳ ಮಿತಿಯನ್ನು ಸೆಕೆಂಡಿಗೆ 60ಕ್ಕೆ ನಿಲ್ಲಿಸಿ. ಕೆಲಸ ಇಳಿದರೆ ಬಿಸಿಯೂ ಇಳಿಯುತ್ತದೆ. ಹೊಸ ಫ್ಯಾನ್ ಕೊಳ್ಳುವುದಾದರೆ, ಜಾಗವಿದ್ದಷ್ಟೂ ದೊಡ್ಡದು ಒಳ್ಳೆಯದು. 120 ಮಿಲಿಮೀಟರಿನ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿ ನೂಕುವಷ್ಟು ಗಾಳಿಯನ್ನು ಅದೇ ಬಗೆಯ 140 ಮಿಲಿಮೀಟರಿನದು ಸುಮಾರು 800 ಸುತ್ತಿನಲ್ಲೇ ನೂಕುತ್ತದೆ.

ಇನ್ನು ಧೂಳು. ಚಿಪ್‌ನ ಬಿಸಿಯನ್ನು ಗಾಳಿಗೆ ದಾಟಿಸುವ ಅಲ್ಯುಮಿನಿಯಂ ಹಾಳೆಗಳ ನಡುವೆ ಇರುವುದು ಒಂದೆರಡು ಮಿಲಿಮೀಟರ್ ಸಂದು. ಕೆಲವು ತಿಂಗಳಲ್ಲಿ ಅಲ್ಲಿ ಬೂದು ಬಣ್ಣದ ಧೂಳಿನ ಪದರ ಕಟ್ಟುತ್ತದೆ. ಆಗ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ನುಗ್ಗದು. ಇದನ್ನು ತೆಗೆಯುವುದು ದೊಡ್ಡವರ ಕೆಲಸ: ಪ್ಲಗ್ ಕಿತ್ತು, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಮೆತ್ತನೆಯ ಬ್ರಷ್‌ನಿಂದ ಕೊಡವಬೇಕು. ಕರೆಂಟು ಬರುವ ಪವರ್ ಸಪ್ಲೈ ಡಬ್ಬಿಯನ್ನು ಯಾರೂ ಬಿಚ್ಚಬಾರದು.

ಮುಂದಿನ ಫ್ಯಾನ್ ಗಾಳಿ ಎಳೆದು ಹಿಂದಿನದು ಹೊರಹಾಕುವ ಪೆಟ್ಟಿಗೆ ನಿಮ್ಮದಾದರೆ ಒಂದು ಪರೀಕ್ಷೆ ಮಾಡಿ. ತೆಳು ಕಾಗದದ ಪಟ್ಟಿಯನ್ನು ಮುಂದಿನ ಜಾಲರಿಯ ಹತ್ತಿರ ಹಿಡಿಯಿರಿ. ಅದು ಒಳಕ್ಕೆ ಅಂಟಿಕೊಳ್ಳಬೇಕು. ಹಿಂದಿನ ಜಾಲರಿಯ ಬಳಿ ಹೊರಕ್ಕೆ ಹಾರಾಡಬೇಕು. ಮುಂದೆ ಕಾಗದ ಸುಮ್ಮನೆ ಜೋತುಬಿದ್ದರೆ ಗಾಳಿಯ ದಾರಿ ಕಟ್ಟಿಕೊಂಡಿದೆ ಎಂದರ್ಥ. ಧೂಳು ತೆಗೆಸಿದ ಮೇಲೆ ಮತ್ತೊಮ್ಮೆ ಹಿಡಿದು ನೋಡಿ, ಕಿವಿಗೊಟ್ಟು ಕೇಳಿ. ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.