ಶಾಲೆಯ ಮಕ್ಕಳ ಹುಳುಕು ಹಲ್ಲು

(ಉಗಾರ ಖುರ್ದದ ರೈತರ ಹಾಗೂ ಪಾಲಕರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಬ್ಬಿನ ಮಾತಾಡಬೇಕಾದ ಗ್ರಾಮಸೇವಕನು ಹಲ್ಲಿನ ಮಾತಿಗೆ ನಿಂತನಲ್ಲ ಎಂದು ತಮಗೆ ಅನ್ನಿಸಬಹುದು. ಹಲ್ಲಿನ ಮಾತೂ ಕಬ್ಬಿನ ಮಾತೇ ಆಗಿರುವುದರಿಂದ ನಿಂತಿದ್ದೇನೆ. 1939ರಲ್ಲಿ ಶಿರಗಾವಕರ ಮನೆತನದವರು ಉಗಾರ ಶುಗರ್ ವರ್ಕ್ಸನ್ನು ಸ್ಥಾಪಿಸಿದರು. ಆ ಮೇಲೆ ಕೃಷ್ಣೆಯ ದಂಡೆಯ ನಮ್ಮ ಹೊಲಗಳಲ್ಲಿ ಕಬ್ಬು ಮುಂದೆ ಬಂತು, ಕೈಗೆ ನಾಲ್ಕು ಕಾಸೂ ಬಂದವು. ಇದು ಸಂತೋಷದ ಸಂಗತಿ. ಆದರೆ ಮನೆಯಲ್ಲಿ ಸಿಹಿಗೆ ಬರವಿಲ್ಲದಂತಾದಾಗ ಅದರ ಲೆಕ್ಕ ಮಕ್ಕಳ ಬಾಯಲ್ಲಿ ಬರೆಯಲ್ಪಡುತ್ತದೆ.

ಇದು ನಮ್ಮೂರೊಂದರ ಪಾಡಲ್ಲ. 2002-03ರಲ್ಲಿ ನಡೆದ ರಾಷ್ಟ್ರೀಯ ದಂತ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 52 ಮಂದಿಗೆ, 12 ವರ್ಷದವರಲ್ಲಿ 54 ಮಂದಿಗೆ, 15 ವರ್ಷದವರಲ್ಲಿ 63 ಮಂದಿಗೆ ಹುಳುಕು ಹಲ್ಲು ಕಂಡುಬಂದಿತು. ವಯಸ್ಸು ಏರಿದಂತೆ ಅಂಕಿಯೂ ಏರಿದೆ, ನೋಡಿರಿ. ಯೂರೋಪಿನ ಹಲವು ದೇಶಗಳಲ್ಲಿ 1970ರ ನಂತರ ಮಕ್ಕಳ ಹುಳುಕು ಹಲ್ಲು ಕಡಿಮೆಯಾಗುತ್ತ ಬಂದಿದೆ. ಅಂದ ಮೇಲೆ ಇದು ತಡೆಯಲಾಗದ ಪಿಡುಗೇನೂ ಅಲ್ಲ.

ಹಲ್ಲಿಗೆ ಹುಳ ಬಿದ್ದಿದೆ ಎನ್ನುತ್ತೇವೆ. ಕಬ್ಬಿನ ಸುಳಿಯನ್ನು ಕೊರೆಯುವ ಹುಳವನ್ನು ನಾವೆಲ್ಲ ಕಂಡವರಾದ್ದರಿಂದ ಹಲ್ಲಿನ ತೂತನ್ನು ನೋಡಿದೊಡನೆ ಒಳಗೂ ಅಂಥದೇ ಒಂದು ಹುಳ ಕೂತಿರಬೇಕೆಂದು ನಂಬುವುದು ಸಹಜ. ನೆಲಗುಳ್ಳದ ಬೀಜದ ಹೊಗೆ ಕೊಟ್ಟು ಹುಳ ಬೀಳಿಸುವವರೂ ಇದ್ದಾರೆ. ನಿಜವಾಗಿ ಹಲ್ಲಿನಲ್ಲಿ ಹುಳ ಇಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಹಲ್ಲಿನ ಮೇಲಿನ ಜಿಗುಟು ಪದರಿನಲ್ಲಿ ವಾಸವಾಗಿರುತ್ತವೆ. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಹುಳಿಯನ್ನು ಬಿಡುತ್ತವೆ. ಹಲ್ಲಿನ ಗಟ್ಟಿತನಕ್ಕೆ ಕಾರಣವಾದ ಸುಣ್ಣದ ಅಂಶವನ್ನು ಆ ಹುಳಿಯು ಕರಗಿಸುತ್ತದೆ.

ತಾವು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ ಎಂಬ ಅಂಕಿಯನ್ನು ನೋಡಿದ್ದೀರಿ. ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ನಮ್ಮ ಎರೆಮಣ್ಣು ಸಾಮಾನ್ಯವಾಗಿ ಎಂಟರ ಆಸುಪಾಸು. ಬಾಯಿಗೂ ಇದೇ ಅಳತೆ ಉಂಟು. ಸುಮ್ಮನಿದ್ದಾಗ ಬಾಯಿ ಏಳರ ಹತ್ತಿರ ಇರುತ್ತದೆ. ಹಲ್ಲಿನ ಮೇಲೆ ಅದು ಸುಮಾರು ಐದೂವರೆಗಿಂತ ಕೆಳಗಿಳಿದರೆ ಹಲ್ಲು ಕರಗತೊಡಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹುಳಿ ಏರುವುದನ್ನೂ, ಅದು ಮರಳಿ ಸಮಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಹಿಡಿಯುವುದನ್ನೂ ಅಮೇರಿಕದ ಸ್ಟೀಫನ್ ಎಂಬ ವಿಜ್ಞಾನಿಯು 1940ರ ದಶಕದಲ್ಲಿಯೇ ಅಳೆದು ತೋರಿಸಿದನು. ಆ ಅವಧಿಯಲ್ಲಿ ಹುಳಿಯನ್ನು ತೊಳೆದು, ಕರಗಿದ ಅಂಶವನ್ನು ಸ್ವಲ್ಪಮಟ್ಟಿಗೆ ಹಲ್ಲಿಗೆ ಮರಳಿ ತುಂಬುವ ಕೆಲಸ ಜೊಲ್ಲಿನದು.

ಈಗ ನಮ್ಮ ಸವಳು ಭೂಮಿಯನ್ನು ನೆನೆಯಿರಿ. ಹೊಲ ಕೆಟ್ಟದ್ದು ನೀರಿನಿಂದಲೇ? ನೀರಿಲ್ಲದೆ ಕಬ್ಬೇ ಇಲ್ಲ. ಹಿಂದಿನ ನೀರು ಬಸಿಯುವ ಮೊದಲೇ ಮತ್ತೆ ನೀರು, ಅದು ಆರುವ ಮೊದಲೇ ಮತ್ತೊಮ್ಮೆ. ಹೀಗೆ ಬಿಡುವಿಲ್ಲದೆ ಹಾಯಿಸಿದ್ದರಿಂದ ಹೊಲ ಜವುಳಾಗಿ ಉಪ್ಪು ಮೇಲೆ ಬಂತು. ಮಗುವಿನ ಬಾಯಿಯೂ ಹಾಗೆಯೇ. ಮುಂಜಾನೆ ಸಕ್ಕರೆ ಚಹಾದಲ್ಲಿ ಅದ್ದಿದ ಟೋಸ್ಟು, ಶಾಲೆಗೆ ಹೋಗುವಾಗ ಐದು ರೂಪಾಯಿಯ ಬಿಸ್ಕೀಟು, ಬಿಡುವಿನಲ್ಲಿ ಚಾಕಲೇಟು, ಸಂಜೆ ಮತ್ತೆ ಚಹಾ, ಗಾಣದ ಕಡೆ ಹೋದರೆ ಬಿಸಿ ಬೆಲ್ಲ. ಜೊಲ್ಲಿಗೆ ಬಸಿಯುವ ಸಮಯವೇ ಸಿಗಲಿಲ್ಲ! ಒಟ್ಟು ಎಷ್ಟು ಸಿಹಿ ಎಂಬುದೂ ಮುಖ್ಯವೇ. ಆದರೆ ದಿನಕ್ಕೆ ಎಷ್ಟು ಸಾರಿ ಎಂಬುದರ ಮೇಲೆ ಹಲ್ಲಿನ ಹಣೆಬರಹ ಹೆಚ್ಚಾಗಿ ನಿಂತಿದೆ.

ಸ್ವೀಡನ್ ದೇಶದ ವಿಪೆಹೋಲ್ಮ್ ಎಂಬಲ್ಲಿ 1945ರಿಂದ ಕೆಲವು ವರ್ಷ ಈ ಬಗ್ಗೆ ಪ್ರಯೋಗ ನಡೆಯಿತು. ಊಟದ ಜೊತೆಯಲ್ಲಿ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟ ಊಟಗಳ ನಡುವೆ ಹಲ್ಲಿಗೆ ಅಂಟುವ ಮಿಠಾಯಿ ತಿಂದವರಲ್ಲಿ ಬಹಳ ಹೆಚ್ಚಿತು. ಅದನ್ನು ಬುದ್ಧಿಮಾಂದ್ಯರ ಆಶ್ರಯಧಾಮದಲ್ಲಿ, ಅವರ ಒಪ್ಪಿಗೆಯಿಲ್ಲದೆ ಮಾಡಿದರು. ಆ ಅನ್ಯಾಯವನ್ನು ಹೇಳದೆ ಅದರ ಫಲವನ್ನು ಮಾತ್ರ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಯುಗಾದಿಯ ಹೋಳಿಗೆ, ಪಂಚಮಿಯ ಉಂಡಿ ಬಿಡಬೇಕೇ? ಬೇಡ. ಊಟದ ಜೊತೆಗೆ ತಿನ್ನಲಿ, ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಲಿ. ಬೆಲ್ಲಕ್ಕೆ ದೋಷವಿಲ್ಲವೆಂದು ಕೆಲವರು ವಾದಿಸುತ್ತಾರೆ. ಬೆಲ್ಲವೂ ಬಹುಭಾಗ ಸಕ್ಕರೆಯೇ; ಹಲ್ಲಿನ ಮೇಲಿನ ಜೀವಿಗಳು ಭೇದವೆಣಿಸವು. ಕಬ್ಬನ್ನು ಜಗಿದಾಗ ಜೊಲ್ಲು ಹೆಚ್ಚುವುದು ನಿಜ, ಆದರೂ ರಸ ರಸವೇ. ಒಂದು ಗಣಿಕೆ ತಿಂದು ಬಾಯಿ ತೊಳೆಯುವುದು ಬೇರೆ, ಟ್ರ್ಯಾಕ್ಟರಿನ ಹಿಂದೆ ಓಡುತ್ತ ದಿನವಿಡೀ ಸೀಯುವುದು ಬೇರೆ. ನಡುಹೊತ್ತಿನ ಹಸಿವಿಗೆ ಸೇಂಗಾ, ಪುಠಾಣಿ, ಚುರಮುರಿ, ರೊಟ್ಟಿ ಇವೆ. ಹಸುಗೂಸಿನ ಬಾಯಲ್ಲಿ ಸಕ್ಕರೆ ಹಾಲಿನ ಬಾಟಲಿ ಇಟ್ಟು ಮಲಗಿಸುವುದನ್ನು ಮಾತ್ರ ತಾಯಂದಿರು ಈ ಹೊತ್ತೇ ನಿಲ್ಲಿಸಬೇಕು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಮುಂದಿನ ಹಲ್ಲುಗಳು ಮೊಳೆಯುತ್ತಲೇ ಕೊಳೆಯುತ್ತವೆ.

ಇನ್ನು ಬಹಳ ಮುಖ್ಯವಾದ ಸಂಗತಿ. ಮಗನ ದವಡೆ ಹಲ್ಲಿನ ಕಪ್ಪು ತೂತು ತೋರಿಸಿದಾಗ ತಾಯಿಯೊಬ್ಬರು, "ಹಾಲ್ಹಲ್ಲ ಅಲ್ಲೇನ್ರಿ, ಬಿದ್ದ ಹೊಸಾವ ಬರ್ತಾವ ಬಿಡ್ರಿ" ಎಂದರು. ಹುಡುಗನಿಗೆ ಒಂಬತ್ತು ವರ್ಷ. ಆ ಹಲ್ಲು ಹಾಲುಹಲ್ಲಲ್ಲ. ಮಕ್ಕಳಿಗೆ ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕು ದೊಡ್ಡ ದವಡೆ ಹಲ್ಲುಗಳು ಬರುತ್ತವೆ. ಅವು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಬಂದದ್ದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಅವು ಜೀವಮಾನವಿಡೀ ರೊಟ್ಟಿ ಅಗಿಯಬೇಕಾದ ಹಲ್ಲುಗಳು. ಹೋದರೆ ಮತ್ತೆ ಬಾರವು. ಮೇಲ್ಭಾಗದಲ್ಲಿ ಆಳವಾದ ಗೆರೆಗಳಿದ್ದು ತಿಂದದ್ದು ಅಲ್ಲೇ ಕೂರುತ್ತದೆ. ಆದ್ದರಿಂದ ಮೊದಲು ಕೆಡುವುದೂ ಅವೇ. ಇಂದು ಮನೆಗೆ ಹೋದೊಡನೆ ಆರರಿಂದ ಹತ್ತು ವರ್ಷದ ಮಕ್ಕಳನ್ನು ಬೆಳಕಿಗೆ ನಿಲ್ಲಿಸಿ, ಬಾಯಿ ತೆರೆಸಿ, ಮುಂಭಾಗದ ನಡುಗೆರೆಯಿಂದ ಹಿಂದಕ್ಕೆ ಎಣಿಸಿರಿ. ಆರನೆಯದೇ ಆ ಹಲ್ಲು. ಚಿಕ್ಕ ಕಲೆಯಿದ್ದಾಗ ತೋರಿಸಿದರೆ ದಂತವೈದ್ಯರು ಗೆರೆ ಮುಚ್ಚುತ್ತಾರೆ ಇಲ್ಲವೇ ತೂತು ತುಂಬುತ್ತಾರೆ. ರಾತ್ರಿ ಮಗು ಗಲ್ಲ ಹಿಡಿದು ಅಳುವವರೆಗೆ ಕಾದರೆ ಹಲವು ಸಲ ಕೀಳುವುದೇ ಉಳಿಯುತ್ತದೆ. ಹಾಲುಹಲ್ಲನ್ನೂ ಅಲಕ್ಷಿಸಬಾರದು. ಹಿಂದಿನವು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದವು, ಹೊಸ ಹಲ್ಲಿಗೆ ಜಾಗ ಕಾಯುವವು.

ತಿಕ್ಕುವ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುವೆ. ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ಹೊತ್ತು, ಅದರಲ್ಲೂ ಮಲಗುವ ಮೊದಲು ತಪ್ಪದೆ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ನುಂಗಬಾರದು. ಏಳೆಂಟು ವರ್ಷದವರೆಗೆ ದೊಡ್ಡವರೇ ನಿಂತು ತಿಕ್ಕಿಸಬೇಕು. ಬೂದಿ, ಇದ್ದಿಲು, ಇಟ್ಟಿಗೆ ಪುಡಿಗಳು ಹಲ್ಲನ್ನು ಸವೆಸುತ್ತವೆ. ಮಿಶ್ರಿಯನ್ನಂತೂ ಮಕ್ಕಳ ಕೈಗೆ ಸಿಗದಂತೆ ಇಡುವುದಲ್ಲ, ಮನೆಯಿಂದಲೇ ಹೊರಗೆ ಹಾಕಬೇಕು. ಅದು ಸುಟ್ಟ ತಂಬಾಕು. ಅಜ್ಜಿ ತಿಕ್ಕುವುದನ್ನು ನೋಡಿ ಮೊಮ್ಮಗಳು ಕಲಿಯುತ್ತಾಳೆ, ಬಾಯಿಯ ಕ್ಯಾನ್ಸರಿಗೆ ಅದು ದಾರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರೋಗ್ಯ ತಂಡವು ಸರಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ಎರಡು ಸಲ ಬರುವ ಏರ್ಪಾಡಿದೆ. ಹಲ್ಲನ್ನೂ ನೋಡುತ್ತಾರೆ. ಹುಳುಕು ಕಂಡರೆ ಆಸ್ಪತ್ರೆಗೆ ತೋರಿಸಿರೆಂದು ಚೀಟಿ ಕೊಡುತ್ತಾರೆ. ಆ ಚೀಟಿಯ ಗತಿಯೇನು? ಪಾಟಿಚೀಲದ ತಳದಲ್ಲಿ ಮಡಚಿಕೊಂಡು ಬಿದ್ದಿರುತ್ತದೆ. ಕಬ್ಬು ಕಡಿಯುವ ಪಾಳಿ ಬಂದಾಗ ಆಸ್ಪತ್ರೆಗೆ ಹೋಗುವುದು ಕಷ್ಟ, ನನಗೂ ಗೊತ್ತು. ಆದರೂ ಸಕ್ಕರೆಯ ಬಿಲ್ಲಿನ ಚೀಟಿಯನ್ನು ಹೇಗೆ ಜೋಪಾನ ಮಾಡುತ್ತೀರೋ ಹಾಗೆ ಇದನ್ನೂ ಮಾಡಿರಿ. ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಳಗಾವಿಯಲ್ಲಿ 1985ರಿಂದ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯವಿದೆ. ನಮ್ಮ ಸ್ಟೇಶನ್ನಿನ ರೈಲು ಹಾದಿಯೇ ಬೆಳಗಾವಿಗೆ ಹೋಗುತ್ತದೆ.

ಕೊನೆಗೆ ಒಂದು ಮಾತು ನಮ್ಮ ಊರಿನವರಲ್ಲದ ಮಕ್ಕಳ ಬಗ್ಗೆ. ಹಂಗಾಮಿನಲ್ಲಿ ಕಬ್ಬು ಕಡಿಯಲು ಬೀಡ ಮುಂತಾದ ಕಡೆಗಳಿಂದ ಟೋಳಿಗಳು ಬರುತ್ತವೆ. ಆ ಮಕ್ಕಳು ತಮ್ಮೂರಿನ ಶಾಲೆ ಬಿಟ್ಟು ಬಂದಿರುತ್ತಾರೆ. ಇಲ್ಲಿಯ ಶಾಲೆಯ ಹಾಜರಿಯಲ್ಲಿ ಅವರ ಹೆಸರು ಇರುವುದಿಲ್ಲ. ಅಲ್ಲಿ ತಂಡ ಬಂದಾಗ ಇಲ್ಲಿ, ಇಲ್ಲಿ ತಂಡ ಬಂದಾಗ ಗುಡಿಸಲಿನಲ್ಲಿ. ತಾಯಿ ತಂದೆ ಕತ್ತಲಿರುವಾಗಲೇ ಹೊಲಕ್ಕೆ ಹೋದರೆ ಆ ಮಕ್ಕಳ ಕೈಯಲ್ಲಿ ಇರುವುದು ಕಬ್ಬಿನ ತುಂಡೇ. ಆರೋಗ್ಯ ತಂಡ ಬರುವ ದಿನವನ್ನು ಮುಖ್ಯೋಪಾಧ್ಯಾಯರಲ್ಲಿ ಇಲ್ಲವೇ ಆಶಾ ಕಾರ್ಯಕರ್ತೆಯರಲ್ಲಿ ಕೇಳಿ ತಿಳಿಯಿರಿ. ಟೋಳಿಯ ಮುಕಾದಮನಿಗೆ ಮುನ್ನಾದಿನವೇ ಹೇಳಿರಿ. ಅವನಿಗೆ ಕನ್ನಡ ಬಾರದಿದ್ದರೆ ನಮ್ಮಲ್ಲಿ ಮರಾಠಿ ಬಾರದವರು ಯಾರಿದ್ದಾರೆ? ತಮ್ಮ ಹೊಲದ ಬದುವಿನಲ್ಲಿ ಗುಡಿಸಲು ಹಾಕಿದವರ ಮಕ್ಕಳನ್ನೂ ಆ ದಿನ ತಮ್ಮ ಮಕ್ಕಳ ಜೊತೆಗೆ ಶಾಲೆಗೆ ಕರೆತನ್ನಿರಿ.